ಮಾರ್ಚ್ 31ಕ್ಕೆ ಮೊದಲು ಒಂದು ಬೆಳಗ್ಗೆ ನಮ್ಮ ಜೊತೆ ಬನ್ನಿ: ಮೈಸೂರಿನ ಕೆರೆ, ಪಾರ್ಕು ನೋಡಿಕೊಳ್ಳುವವರಿಗೆ ಹಕ್ಕಿ ಬಳಗದ ಬಹಿರಂಗ ಪತ್ರ

ಮಾನ್ಯರೇ,

ಮೈಸೂರಿನ ಕೆರೆ, ಪಾರ್ಕು, ರಸ್ತೆಬದಿ ಮರಗಳ ಉಸ್ತುವಾರಿ ಹೊತ್ತಿರುವ ಅಧಿಕಾರಿಗಳಿಗೆ, ಎಂಜಿನಿಯರುಗಳಿಗೆ, ಕೆಲಸ ಹಿಡಿಯುವ ಕಂಟ್ರಾಕ್ಟರುಗಳಿಗೆ ಈ ಪತ್ರ. ದಿನಾ ಬೆಳಗ್ಗೆ ಕೆರೆ ಸುತ್ತುವ ಊರಿನವರೂ ಓದಲಿ ಅಂತ ಬಹಿರಂಗವಾಗಿ ಬರೆಯುತ್ತಿದ್ದೇವೆ.

ನಾವು ಊರಿನ ಒಂದು ಚಿಕ್ಕ ಹಕ್ಕಿ ಬಳಗದವರು. ನಮಗೆ ಆಫೀಸಿಲ್ಲ, ಬೋರ್ಡಿಲ್ಲ, ಲೆಟರ್‌ಹೆಡ್ಡೂ ಇಲ್ಲ. ರಿಟೈರಾದ ಬ್ಯಾಂಕಿನವರು, ಹೈಸ್ಕೂಲ್ ಮೇಷ್ಟ್ರುಗಳು, ಕಾಲೇಜು ಹುಡುಗ ಹುಡುಗಿಯರು, ಸೈಕಲ್ ಅಂಗಡಿ ಇಟ್ಟಿರುವವರು, ಅಮ್ಮಂದಿರ ಕೈ ಹಿಡಿದು ಬರುವ ಮಕ್ಕಳು, ಎಲ್ಲ ಸೇರಿ ಭಾನುವಾರ ಬೆಳಗ್ಗೆ ಹಕ್ಕಿ ನೋಡುತ್ತೇವೆ. ಶಿವರಾತ್ರಿ ಹತ್ತಿರ ಬಂದು ಚಳಿ ‘ಶಿವ ಶಿವಾ’ ಅನ್ನುತ್ತಾ ಹೊರಟಾಗ ನಮ್ಮ ವಸಂತದ ಕಾರ್ಯಕ್ರಮ ಶುರುವಾಗುತ್ತದೆ. ಮೇ ಕೊನೆವರೆಗೆ ಭಾನುವಾರದ ನಡಿಗೆ, ತಿಂಗಳಿಗೊಂದು ಸಂಜೆ ಮಾತುಕತೆ, ಆಗಾಗ ಊರಾಚೆ ಒಂದು ದಿನದ ತಿರುಗಾಟ. ಅಷ್ಟೇ ನಮ್ಮ ವ್ಯವಹಾರ.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇವೆ. ಫೆಬ್ರವರಿಯಿಂದ ಮೇವರೆಗೆ ಕೆರೆಯಲ್ಲಾಗಲಿ, ಪಾರ್ಕಿನಲ್ಲಾಗಲಿ ಜೆಸಿಬಿ ಇಳಿಸುವ ಮುಂಚೆ, ಗರಗಸ ಹಚ್ಚುವ ಮುಂಚೆ, ಒಂದು ಬೆಳಗ್ಗೆ ನಮ್ಮ ಜೊತೆ ಆ ಜಾಗದಲ್ಲಿ ನಡೆಯಿರಿ. ಒಂದು ಗಂಟೆ ಸಾಕು. ಕೆಲಸ ನಿಲ್ಲಿಸಿ ಅಂತ ಕೇಳುವುದಕ್ಕೆ ನಾವು ಬಂದಿಲ್ಲ. ಎಲ್ಲಿ ಗೂಡಿದೆ, ಎಲ್ಲಿ ಇಲ್ಲ ಅಂತ ತೋರಿಸುತ್ತೇವೆ. ಆಮೇಲಿನ ತೀರ್ಮಾನ ನಿಮ್ಮದು.

ಯಾಕೆ ವಸಂತವೇ ಅಂತ ನೀವು ಕೇಳಬಹುದು. ಹಕ್ಕಿ ನೋಡುವ ಕಾಲ ಚಳಿಗಾಲ ಅಲ್ವಾ ಅಂತ ನಮ್ಮಲ್ಲೇ ಹಲವರು ಹೇಳುತ್ತಾರೆ. ನಿಜ, ನವೆಂಬರಿನಿಂದ ಫೆಬ್ರವರಿವರೆಗೆ ನಮ್ಮ ಕೆರೆಗಳಲ್ಲಿ ಹೊರಗಿನ ನೆಂಟರು ಜಾಸ್ತಿ. ಹದಿನಾರು ಎಂಬ ಊರಿನ ಕೆರೆಗೆ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಮಂಗೋಲಿಯಾದಲ್ಲಿ ಕೊರಳಿಗೆ ಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಾಣಿಸಿಕೊಂಡಿವೆ. ಪೇಪರಿನಲ್ಲಿ ಫೋಟೋ ಬರುತ್ತದೆ, ಜನ ಕಾರು ಮಾಡಿಕೊಂಡು ಹೋಗಿ ನೋಡುತ್ತಾರೆ. ಮಾರ್ಚ್ ಹೊತ್ತಿಗೆ ಅವು ಎದ್ದು ಹೋಗುತ್ತವೆ. ಸಿಪಿಲೆಗಳು, ಬಾತುಗಳು ಒಂದೊಂದೇ ಕಾಲು ಕೀಳುತ್ತವೆ. ಕ್ಯಾಮೆರಾದವರೂ ಕೆರೆ ಕಡೆ ಬರುವುದು ಕಡಿಮೆಯಾಗುತ್ತದೆ. ಆಗಲೇ ನಮ್ಮೂರಿನ ಹಕ್ಕಿಗಳ ಸಂಸಾರ ಶುರುವಾಗುವುದು.

ಮಾರ್ಚ್ ತಿಂಗಳ ಒಂದು ಬೆಳಗ್ಗೆ ಆರೂವರೆಗೆ ಕುಕ್ಕರಹಳ್ಳಿ ಏರಿ ಮೇಲೆ ನಿಂತರೆ ಮೊದಲು ಕಿವಿಗೆ ಕೆಲಸ. ಕೋಗಿಲೆ ಇನ್ನೂ ಕತ್ತಲಿರುವಾಗಲೇ ಶುರು ಮಾಡಿರುತ್ತದೆ. ನಿದ್ದೆ ಕೆಟ್ಟಿತು ಅಂತ ಅದಕ್ಕೆ ಬೈಯುವವರೂ ನಮ್ಮ ಬಡಾವಣೆಯಲ್ಲಿ ಇದ್ದಾರೆ ಅನ್ನಿ. ಕುಟ್ರುಹಕ್ಕಿ ಒಂದು ಕಡೆಯಿಂದ ‘ಕುಟ್ರೂ ಕುಟ್ರೂ’ ಅಂದರೆ ಇನ್ನೊಂದು ಕಡೆಯಿಂದ ಮತ್ತೊಂದು ಉತ್ತರ ಕೊಡುತ್ತದೆ. ಮಡಿವಾಳ ಹಕ್ಕಿ ಒಣಗಿದ ತುದಿಕೊಂಬೆಯ ಮೇಲೆ ಕೂತು ಸಿಳ್ಳೆ ಹಾಕುತ್ತದೆ. ಚಳಿಗಾಲವಿಡೀ ಅದು ಹೆಚ್ಚು ಬಾಯಿಬಿಟ್ಟಿರುವುದಿಲ್ಲ. ಬೂರುಗ, ಹಾಲುವಾಣ ಹೂ ಬಿಟ್ಟಿದ್ದರೆ ಗುಲಾಬಿ ಕಬ್ಬಕ್ಕಿಗಳು ಹಿಂಡುಗಟ್ಟಿ ಜಗಳವಾಡುತ್ತಿರುತ್ತವೆ. ಅವೂ ಹೊರಡುವ ತಯಾರಿಯಲ್ಲಿರುವ ನೆಂಟರೇ. ಮೇ ಹೊತ್ತಿಗೆ ಬಂದರೆ ಇನ್ನೊಂದು ಮಜಾ. ವರ್ಷವಿಡೀ ಮಣ್ಣು ಬಣ್ಣದಲ್ಲಿ ಕಾಣದಂತೆ ಕೂತಿರುವ ಕೊಳದ ಬಕದ ಬೆನ್ನು ಕಡು ಮೆರೂನ್ ಆಗಿರುತ್ತದೆ. ದನದ ಹಿಂದೆ ಓಡಾಡುವ ಗೋವಕ್ಕಿಯ ತಲೆ, ಕತ್ತು ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತವೆ. ಹೊಸಬರು ‘ಇದು ಯಾವ ಹೊಸ ಹಕ್ಕಿ?’ ಅಂತ ಕೇಳುವುದು ವಾಡಿಕೆ.

ಇದೇ ಕಾಲಕ್ಕೆ ಸರಿಯಾಗಿ ನಿಮ್ಮ ಕಡೆ ‘ಮಾರ್ಚ್ ಎಂಡ್’ ಬರುತ್ತದೆ.

ಅದರ ಕಷ್ಟ ನಮಗೂ ಗೊತ್ತು. ನಮ್ಮಲ್ಲೂ ಸರ್ಕಾರಿ ಕೆಲಸ ಮಾಡಿ ಬಂದವರಿದ್ದಾರೆ. ಅನುದಾನ ಬಿಡುಗಡೆಯಾಗುವುದೇ ತಡ. ಟೆಂಡರ್ ಮುಗಿದು ವರ್ಕ್ ಆರ್ಡರ್ ಕೈಗೆ ಬರುವಾಗ ಫೆಬ್ರವರಿ. ಮಾರ್ಚ್ 31ರೊಳಗೆ ಬಿಲ್ ಆಗದಿದ್ದರೆ ದುಡ್ಡು ಲ್ಯಾಪ್ಸ್. ಅದೂ ಅಲ್ಲದೆ ಕೆರೆಯಲ್ಲಿ ನೀರು ಇಳಿಯುವುದೇ ಈಗ. ಜೆಸಿಬಿ ಕೆರೆ ಅಂಗಳಕ್ಕೆ ಇಳಿಯಬೇಕೆಂದರೆ ಬೇಸಿಗೆಯಲ್ಲೇ ಇಳಿಯಬೇಕು. ಇನ್ನು ಏಪ್ರಿಲ್‌ನಲ್ಲಿ ಗಾಳಿ ಮಳೆ ಶುರುವಾದರೆ ಕೊಂಬೆ ಮುರಿದು ಕರೆಂಟ್ ಲೈನ್ ಮೇಲೆ ಬೀಳುತ್ತದೆ, ಕಾರಿನ ಮೇಲೆ ಬೀಳುತ್ತದೆ, ಒಮ್ಮೊಮ್ಮೆ ಮನುಷ್ಯರ ಮೇಲೂ ಬೀಳುತ್ತದೆ. ಹಾಗಾಗಿ ಕೊಂಬೆ ಕಡಿಯುವ ಗಾಡಿಯೂ ಈಗಲೇ ಹೊರಡುತ್ತದೆ. ಹೂಳೆತ್ತುವುದು, ಏರಿ ಸರಿಮಾಡುವುದು, ಜೊಂಡು ತೆಗೆಯುವುದು, ಕೊಂಬೆ ಸವರುವುದು, ಎಲ್ಲಕ್ಕೂ ಕಾರಣವಿದೆ. ಅವೆಲ್ಲ ಗೂಡು ಕಟ್ಟುವ ತಿಂಗಳುಗಳಲ್ಲೇ ಬಂದು ಬೀಳುತ್ತವೆ ಅನ್ನುವುದೊಂದೇ ನಮ್ಮ ತಕರಾರು.

ಒಂದು ಕೆರೆಯಲ್ಲಿ ನಾವು ನೋಡಿದ್ದನ್ನು ಹೇಳುತ್ತೇವೆ. ಕೆರೆಯ ಹೆಸರು ಬೇಡ, ಮಾಡಿದವರ ಹೆಸರಂತೂ ಬೇಡವೇ ಬೇಡ. ಏರಿಯ ಹೊರಮೈಯಲ್ಲಿ, ಹಿಂದೆ ಯಾರೋ ಮಣ್ಣು ತೆಗೆದುಕೊಂಡು ಹೋಗಿ ಗೋಡೆಯಂತೆ ನೆಟ್ಟಗೆ ನಿಂತಿದ್ದ ಒಂದು ಭಾಗವಿತ್ತು. ಅದರಲ್ಲಿ ಸಾಲಾಗಿ ತೂತುಗಳು. ಸುಮ್ನೆ ನೋಡಿದರೆ ಇಲಿ ಬಿಲ ಅನ್ನಬೇಕು. ಅವು ಕಳ್ಳಿಪೀರಗಳ ಗೂಡು. ಗಿಳಿಗಿಂತ ಚಿಕ್ಕದು, ಹಸಿರು ಮೈ, ಬಾಲದ ನಡುವೆ ಎರಡು ಸೂಜಿಯಂಥ ಗರಿ, ತಂತಿ ಮೇಲೆ ಕೂತು ಹಾರುವ ಹುಳುವನ್ನು ಗಾಳಿಯಲ್ಲೇ ಹಿಡಿಯುತ್ತದಲ್ಲ, ಅದೇ ಹಕ್ಕಿ. ಕೊಕ್ಕಿನಿಂದ ಮಣ್ಣು ಕುಕ್ಕಿ, ಕಾಲಿನಿಂದ ಹಿಂದಕ್ಕೆ ಎರಚಿ, ನಮ್ಮ ಕೈ ಹಾಕಿದರೂ ಕೊನೆ ಸಿಗದಷ್ಟು ಉದ್ದಕ್ಕೆ ಸುರಂಗ ತೋಡುತ್ತದೆ. ಆ ಸುರಂಗದ ಕೊನೆಯಲ್ಲಿ ಬರಿ ನೆಲದ ಮೇಲೆ ಬಿಳಿ ಮೊಟ್ಟೆ.

ಒಂದು ಭಾನುವಾರ ತೂತಿನ ಬಾಯಲ್ಲಿ ಅಪ್ಪ ಅಮ್ಮ ಹುಳು ತಂದು ತಂದು ಒಳಗೆ ಹೋಗುವುದನ್ನು ಮಕ್ಕಳಿಗೆ ತೋರಿಸಿದ್ದೆವು. ಮುಂದಿನ ಭಾನುವಾರ ಬರುವಷ್ಟರಲ್ಲಿ ಆ ಭಾಗವನ್ನು ಇಳಿಜಾರು ಮಾಡಿ ಹೊಸ ಮಣ್ಣು ಹಾಕಿ ರೋಲರ್ ಹೊಡೆದಿದ್ದರು. ಕೆಲಸ ಚೆನ್ನಾಗಿಯೇ ಆಗಿತ್ತು, ಆ ಬಗ್ಗೆ ಎರಡು ಮಾತಿಲ್ಲ. ಹಕ್ಕಿಗಳು ಮಾತ್ರ ಕೊಕ್ಕಿನಲ್ಲಿ ಜೇನುಹುಳು ಹಿಡಿದುಕೊಂಡು ಆ ಇಳಿಜಾರಿನ ಮುಂದೆ ಗಾಳಿಯಲ್ಲಿ ನಿಂತು ನಿಂತು ತಿರುಗುತ್ತಿದ್ದವು. ಜೊತೆಗಿದ್ದ ಹುಡುಗಿಯೊಬ್ಬಳು ‘ಮರಿಗಳು ಒಳಗೇ ಇದಾವಾ ಅಂಕಲ್?’ ಅಂತ ಕೇಳಿದಳು. ನಮ್ಮಲ್ಲಿ ಯಾರೂ ಉತ್ತರ ಹೇಳಲಿಲ್ಲ.

ಏರಿಯಲ್ಲಿ ತೂತು ಇರಬಾರದು, ನೀರು ಜಿನುಗಿ ಏರಿಯೇ ಒಡೆಯಬಹುದು ಅಂತ ಎಂಜಿನಿಯರುಗಳು ಹೇಳುತ್ತಾರೆ. ಒಪ್ಪಿದೆವು. ಏರಿ ಒಡೆದರೆ ಕೆಳಗಿನ ಗದ್ದೆಗೆ, ಮನೆಗೆ ಏನಾಗುತ್ತದೆ ಅಂತ ನಮಗೂ ಗೊತ್ತು. ಆದರೆ ಅದೇ ಕೆಲಸವನ್ನು ಜನವರಿಯಲ್ಲಿ ಮಾಡಿದ್ದರೆ ಆ ಹಕ್ಕಿಗಳು ಬೇರೆ ಎಲ್ಲಾದರೂ ಮಣ್ಣು ಹುಡುಕಿಕೊಳ್ಳುತ್ತಿದ್ದವು. ಆಗಿನ್ನೂ ಅವು ಸುರಂಗ ತೋಡಲು ಹೊರಟಿರುವುದಿಲ್ಲ. ಏಪ್ರಿಲ್‌ನಲ್ಲಿ ಮುಚ್ಚಿದರೆ ಒಳಗೆ ಮರಿ ಇರುತ್ತವೆ. ಜನವರಿಯಲ್ಲಿ ಆಗದೇ ಹೋದರೆ ಆ ನಾಲ್ಕು ಮಾರು ಉದ್ದದ ಭಾಗವನ್ನು ಕೊನೆಗೆ ಇಟ್ಟುಕೊಂಡು ಉಳಿದದ್ದನ್ನು ಮೊದಲು ಮಾಡಬಹುದಿತ್ತು. ಅಲ್ಲಿ ಗೂಡಿದೆ ಅಂತ ಗೊತ್ತಿದ್ದರೆ ಮಾಡುತ್ತಿದ್ದರು ಅಂತಲೇ ನಮ್ಮ ನಂಬಿಕೆ. ಗೊತ್ತಿರಲಿಲ್ಲ, ಅಷ್ಟೇ. ಮಿಂಚುಳ್ಳಿಯೂ ಇದೇ ಥರ ಮಣ್ಣಿನ ಗೋಡೆಯಲ್ಲಿ ಸುರಂಗ ಮಾಡುತ್ತದೆ, ಇದೇ ತಿಂಗಳುಗಳಲ್ಲಿ. ಅದನ್ನೂ ಒಂದು ಬೆಳಗಿನ ನಡಿಗೆಯಲ್ಲಿ ತೋರಿಸಬಹುದು.

ಇನ್ನೊಂದು ಹಕ್ಕಿಯ ಕತೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಟಿಟ್ಟಿಭ. ಕಣ್ಣಿನ ಮುಂದೆ ಕೆಂಪು ತೊಗಲು, ಉದ್ದ ಹಳದಿ ಕಾಲು, ಯಾರು ಹತ್ತಿರ ಹೋದರೂ ಊರೆಲ್ಲ ಕೇಳುವ ಹಾಗೆ ಕೂಗು. ಆಕಾಶ ಬಿದ್ದರೆ ತಡೆಯಲು ಕಾಲು ಮೇಲೆ ಮಾಡಿ ಮಲಗುತ್ತದೆ ಅಂತ ಅಜ್ಜಿಯಂದಿರು ಹೇಳುತ್ತಿದ್ದ ಹಕ್ಕಿ ಇದೇ. ಇದು ಗೂಡು ಕಟ್ಟುವುದೇ ಇಲ್ಲ. ಕೆರೆ ಅಂಗಳ ಒಣಗಿದ ಕಡೆ, ಖಾಲಿ ಸೈಟಿನಲ್ಲಿ, ನೀವು ವಾಕಿಂಗ್ ದಾರಿಗೆಂದು ಸುರಿಸಿದ ಜಲ್ಲಿ ರಾಶಿಯ ಅಂಚಿನಲ್ಲಿ ನೆಲವನ್ನು ಸ್ವಲ್ಪ ಗುಳಿ ಮಾಡಿ, ಸುತ್ತ ನಾಲ್ಕು ಹರಳು ಜೋಡಿಸಿ ಮೊಟ್ಟೆ ಇಡುತ್ತದೆ. ಸಾಮಾನ್ಯವಾಗಿ ನಾಲ್ಕು. ಚೂಪು ತುದಿ ಒಳಗೆ, ದಪ್ಪ ತುದಿ ಹೊರಗೆ. ಮಣ್ಣಿನ ಬಣ್ಣದ ಮೇಲೆ ಕಪ್ಪು ಮಚ್ಚೆ. ಎರಡು ಅಡಿ ದೂರದಲ್ಲಿ ನಿಂತು ಬೆರಳು ತೋರಿಸಿದರೂ ಹೊಸಬರಿಗೆ ಕಾಣುವುದಿಲ್ಲ.

ಏಪ್ರಿಲ್ ಬಿಸಿಲಿನಲ್ಲಿ ಕಲ್ಲು ಕಾದಾಗ ಈ ಹಕ್ಕಿ ಏನು ಮಾಡುತ್ತದೆ ಗೊತ್ತಾ? ನೀರಿನ ಅಂಚಿಗೆ ಹೋಗಿ ಹೊಟ್ಟೆಯನ್ನು ನೀರಿನಲ್ಲಿ ಅದ್ದಿ ಹೊಟ್ಟೆಯ ಗರಿಗಳನ್ನು ನೆನೆಸಿಕೊಳ್ಳುತ್ತದೆ. ತೊಟ್ಟಿಕ್ಕುತ್ತಾ ಬಂದು ಮೊಟ್ಟೆ ಮೇಲೆ ಕೂರುತ್ತದೆ. ಮೊಟ್ಟೆ ಬೇಯದಿರಲಿ ಅಂತ. ಸ್ವಲ್ಪ ಹೊತ್ತಾದ ಮೇಲೆ ಜೋಡಿಯ ಇನ್ನೊಂದು ಹಕ್ಕಿ ಬರುತ್ತದೆ, ಇದು ಏಳುತ್ತದೆ, ಅದು ಕೂರುತ್ತದೆ. ಹೀಗೆ ನಾಲ್ಕು ವಾರದ ಹತ್ತಿರ ಹತ್ತಿರ ನಡೆಯಬೇಕು. ಮೊಟ್ಟೆ ಒಡೆದರೆ ಮರಿ ಆ ದಿನವೇ ಎದ್ದು ಓಡಾಡುತ್ತದೆ. ಆಮೇಲೆ ನಿಮ್ಮ ಜಲ್ಲಿ ರಾಶಿಯನ್ನು ಎಲ್ಲಿಗೆ ಬೇಕಾದರೂ ಎಳೆಯಿರಿ.

ನಾಲ್ಕು ವಾರ. ಕೆಲವು ಕಡೆ ನಾವು ನೋಡುವ ಹೊತ್ತಿಗೆ ಎರಡು ವಾರ ಆಗಲೇ ಕಳೆದಿರುತ್ತದೆ. ಒಂದು ರಾಶಿ ಜಲ್ಲಿಯನ್ನು ಎರಡು ವಾರ ಅಲ್ಲೇ ಬಿಡಲು ಎಸ್ಟಿಮೇಟ್ ತಿದ್ದಬೇಕಾ? ಬೇಡ. ಮೇಸ್ತ್ರಿಗೆ ಒಂದು ಮಾತು ಹೇಳಿ, ನಾಲ್ಕು ಕೋಲು ನೆಟ್ಟು ಹಗ್ಗ ಕಟ್ಟಿಸಿದರೆ ಮುಗಿಯಿತು. ಒಂದು ಕಡೆ ಒಬ್ಬ ಮೇಸ್ತ್ರಿ ನಾವು ತೋರಿಸಿದ ಮೇಲೆ ತಾನೇ ಹಗ್ಗ ಕಟ್ಟಿ, ಟೀ ಕುಡಿಯಲು ಹೋಗುವಾಗ ಹುಡುಗರಿಗೆ ‘ಆ ಕಡೆ ಹೋಗಬ್ಯಾಡ್ರೋ, ಮೊಟ್ಟೆ ಇಟ್ಟೈತೆ’ ಅಂತ ಕೂಗಿ ಹೋಗುತ್ತಿದ್ದ. ನಮ್ಮ ಭಾಷಣಕ್ಕಿಂತ ಆ ಕೂಗಿನಿಂದ ಜಾಸ್ತಿ ಕೆಲಸವಾಯಿತು.

ಮರಗಳ ವಿಷಯ ಸ್ವಲ್ಪ ಬೇರೆ. ಒಣಗಿದ ಕೊಂಬೆ ಅಂದ ತಕ್ಷಣ ಕಡಿಯಬೇಕು ಅಂತ ನಮಗೆಲ್ಲ ಅನ್ನಿಸುತ್ತದೆ. ಕುಟ್ರುಹಕ್ಕಿಗೆ, ಕಂಚುಗಾರ ಹಕ್ಕಿಗೆ ಬೇಕಾದ್ದು ಅದೇ ಒಣಕೊಂಬೆ, ಮೆದು ಮರ. ‘ಟಂಕ್ ಟಂಕ್ ಟಂಕ್’ ಅಂತ ಮಧ್ಯಾಹ್ನದ ಬಿಸಿಲಿನಲ್ಲೂ ಬಿಡದೆ ಕೂಗುತ್ತದಲ್ಲ, ಅದೇ ಕಂಚುಗಾರ. ಕೊಂಬೆಯ ಅಡಿಭಾಗದಲ್ಲಿ, ಮಳೆ ನೀರು ಒಳಗೆ ಹೋಗದ ಹಾಗೆ, ದುಂಡಗೆ ತೂತು ಕೊರೆದು ಒಳಗೆ ಮೊಟ್ಟೆ ಇಡುತ್ತದೆ. ಅವು ಬಿಟ್ಟ ಪೊಟರೆಗಳಿಗೆ ಆಮೇಲೆ ಮಡಿವಾಳದಂಥ ಹಕ್ಕಿಗಳು ಬಾಡಿಗೆಗೆ ಬರುತ್ತವೆ. ದೊಡ್ಡ ಪೊಟರೆಗಳಲ್ಲಿ ಗಿಳಿ, ಗೊರವಂಕ, ಹಾಲಕ್ಕಿ. ಹಾಲಕ್ಕಿ ಅಂದರೆ ಶಕುನ ಹೇಳುವ ಚಿಕ್ಕ ಗೂಬೆ. ಅದರ ಮಾತು ನಂಬುವವರು ಅದರ ಮನೆಯನ್ನೂ ಸ್ವಲ್ಪ ಕಾಯಲಿ ಅಂತ ನಮ್ಮ ಬಳಗದ ಹಿರಿಯರೊಬ್ಬರು ತಮಾಷೆ ಮಾಡುತ್ತಾರೆ.

ರಸ್ತೆ ಮೇಲೆ ಚಾಚಿದ ಒಣಕೊಂಬೆಯನ್ನು ತೆಗೆಯಲೇಬೇಕು. ಅದಕ್ಕೆ ನಮ್ಮ ಅಡ್ಡಿ ಇಲ್ಲ. ಪಾರ್ಕಿನ ಒಳಗೆ, ಕೆರೆಯ ಹಿಂಬದಿಯಲ್ಲಿ, ಕೆಳಗೆ ಯಾರೂ ಓಡಾಡದ ಕಡೆ ನಿಂತಿರುವ ಒಣಮರಕ್ಕೆ ಯಾಕೆ ಕೈ ಹಾಕಬೇಕು? ಕೊಂಬೆ ಸವರುವ ಗಾಡಿ ಬರುವ ಹಿಂದಿನ ದಿನ ನಮಗೆ ಹೇಳಿದರೆ, ಗೂಡಿರುವ ಕೊಂಬೆ ಯಾವುದು ಅಂತ ಸುಣ್ಣದಲ್ಲಿ ಗುರುತು ಹಾಕಿ ಕೊಡುತ್ತೇವೆ. ಇನ್ನು ಒಣಗಿದ ಎಲೆ ಗುಡಿಸಿ ಬೆಂಕಿ ಇಡುವುದನ್ನು ದಯವಿಟ್ಟು ನಿಲ್ಲಿಸಿ. ಹೊಗೆಯಿಂದ ವಾಕಿಂಗ್ ಬರುವವರಿಗೂ ಕೆಮ್ಮು, ತರಗೆಲೆ ಕೆದಕಿ ಹುಳು ತಿನ್ನುವ ಹಕ್ಕಿಗೂ ಊಟವಿಲ್ಲ.

ಕಾನೂನಿನ ಮಾತು ಹೆದರಿಸಲು ಎತ್ತುತ್ತಿಲ್ಲ, ತಿಳಿದಿರಲಿ ಅಂತ ಹೇಳುತ್ತೇವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಅಂದರೆ ಏನು ಅನ್ನುವ ವಿವರಣೆಯಲ್ಲೇ ಹಕ್ಕಿಗಳ ಮೊಟ್ಟೆ ಹಾಳು ಮಾಡುವುದು, ಮೊಟ್ಟೆಗೋ ಗೂಡಿಗೋ ತೊಂದರೆ ಕೊಡುವುದು ಕೂಡ ಸೇರಿದೆ. ಕೋವಿ ಹಿಡಿದರೆ ಮಾತ್ರ ಬೇಟೆ ಅಂತ ಬಹಳ ಜನ ತಿಳಿದಿದ್ದಾರೆ.

‘ಹಕ್ಕಿ ನೋಡುವವರ ಮಾತು ಕೇಳಿಕೊಂಡು ಸರ್ಕಾರ ನಡೆಯುತ್ತಾ?’ ಅಂತ ಒಬ್ಬರು ನಮ್ಮನ್ನು ಕೇಳಿದ್ದರು. ನಮ್ಮ ಸೀಮೆಯಲ್ಲೇ ನಡೆದಿದೆ. ರಂಗನತಿಟ್ಟಿನ ನಡುಗಡ್ಡೆಗಳಲ್ಲಿ ಹಕ್ಕಿಗಳು ಗೂಡು ಕಟ್ಟುವುದನ್ನು ನೋಡಿದ ಪಕ್ಷಿತಜ್ಞ ಸಲೀಂ ಅಲಿ ಇದನ್ನು ಕಾಪಾಡಿ ಅಂತ ಮೈಸೂರಿನ ಅರಸರಿಗೆ ಹೇಳಿದರು. ಅರಮನೆ ಕೇಳಿಸಿಕೊಂಡಿತು. 1940ರಲ್ಲಿ ಅದು ಪಕ್ಷಿಧಾಮವಾಯಿತು. 2022ರಲ್ಲಿ ಕರ್ನಾಟಕದ ಮೊದಲ ರಾಮ್ಸಾರ್ ತಾಣವೂ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೂ, ಆಯಿತು. ಇವತ್ತು ಅಲ್ಲಿ ದೋಣಿ ಟಿಕೆಟ್‌ಗೆ ಕ್ಯೂ ನಿಲ್ಲುತ್ತಾರೆ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆಗಳ, ಅಂದರೆ ಪೆಲಿಕನ್‌ಗಳ, ಬಗ್ಗೆ 1976ರಲ್ಲಿ ಹೊರಗಿನವರಿಗೆ ತಿಳಿಯುವ ಹಾಗೆ ಮಾಡಿದ ಎಸ್. ಜಿ. ನೇಗಿನಹಾಳ್ ಅವರಂತೂ ಸ್ವತಃ ಅರಣ್ಯ ಇಲಾಖೆಯ ಅಧಿಕಾರಿ. ನೋಡಿದವರೂ ಅವರೇ, ಅಧಿಕಾರ ಇದ್ದವರೂ ಅವರೇ.

ನಮ್ಮ ವಸಂತದ ತಿರುಗಾಟದಲ್ಲಿ ಕೊಕ್ಕರೆ ಬೆಳ್ಳೂರು ತಪ್ಪುವುದಿಲ್ಲ. ಮಾರ್ಚ್‌ನಲ್ಲಿ ಹೋದರೆ ಮರಿಗಳ ಗಲಾಟೆ ಜೋರು. ಊರ ನಡುವಿನ ಹುಣಸೆ ಮರ, ಅರಳಿ ಮರಗಳ ಮೇಲೆ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳ ಗೂಡು. ಕೆಳಗೆ ದನ ಕಟ್ಟಿರುತ್ತಾರೆ, ಮಕ್ಕಳು ಆಡುತ್ತಿರುತ್ತಾರೆ, ಮೇಲಿನಿಂದ ಮೀನಿನ ವಾಸನೆಯ ಹಿಕ್ಕೆ ಬೀಳುತ್ತಿರುತ್ತದೆ. ಛತ್ರಿ ಹಿಡಿದು ನಿಲ್ಲುವುದು ಬುದ್ಧಿವಂತಿಕೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತ ಊರವರು ಈ ಹಕ್ಕಿಗಳನ್ನು ಹೇಳುತ್ತಾರೆ. ಹಿಕ್ಕೆ ಗೊಬ್ಬರವಾಗಿ ಗದ್ದೆಗೆ ಹೋಗುತ್ತದೆ. ಗೂಡಿರುವಾಗ ಹುಣಸೆಹಣ್ಣು ಬಡಿಯುವ ಹಾಗಿಲ್ಲ. ಅದರ ನಷ್ಟಕ್ಕೆ ಮರದ ಒಡೆಯರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಪದ್ಧತಿ ಇದೆ. 2007ರಲ್ಲಿ ಸಮುದಾಯ ಮೀಸಲು ಅಂತ ಘೋಷಣೆಯೂ ಆಯಿತು. ಗೂಡಿನ ಕಾಲದಲ್ಲಿ ಒಂದು ಆದಾಯದ ಕೆಲಸವನ್ನೇ ಬಿಟ್ಟು ಕೂರುವ ರೈತರನ್ನು ನೋಡಿ ಬಂದ ಮೇಲೆ, ಮೈಸೂರಿನಂಥ ಊರಿನಲ್ಲಿ ಒಂದು ಜಲ್ಲಿ ರಾಶಿಯ ಬಗ್ಗೆ ಪತ್ರ ಬರೆಯಬೇಕಾಗಿದೆಯಲ್ಲ ಅಂತ ನಮಗೆ ಸ್ವಲ್ಪ ಬೇಜಾರೂ ಆಗುತ್ತದೆ.

ಶ್ರೀರಂಗಪಟ್ಟಣದ ಹತ್ತಿರದ ನಗುವನಹಳ್ಳಿಗೂ ಹೋಗುತ್ತೇವೆ. ಅಲ್ಲಿ ನೀಲಿಬಾಲದ ಕಳ್ಳಿಪೀರಗಳು ಗುಂಪುಗುಂಪಾಗಿ ನೆಲದಲ್ಲಿ ಸುರಂಗ ತೋಡುತ್ತವೆ. ದೂರದಲ್ಲಿ ನಿಂತು ನೋಡಿ ಬರುವುದು ನಮ್ಮ ನಿಯಮ. ಇಲ್ಲಿ ನಮ್ಮವರ ಮೇಲೂ ಒಂದು ಮಾತು ಹೇಳಲೇಬೇಕು. ದೊಡ್ಡ ಲೆನ್ಸ್ ಹಿಡಿದವರು ಫೋಟೋಗೋಸ್ಕರ ಗೂಡಿನ ಬಾಯಿಗೇ ಹೋಗಿ ಕೂರುವುದು, ಎಲೆ ಅಡ್ಡ ಬಂತು ಅಂತ ಕೊಂಬೆ ಬಗ್ಗಿಸುವುದು, ಮೊಬೈಲಿನಲ್ಲಿ ಹಕ್ಕಿ ಕೂಗು ಹಾಕಿ ಕರೆಯುವುದು, ಇವೆಲ್ಲ ಜೆಸಿಬಿಗಿಂತ ಕಡಿಮೆ ತೊಂದರೆ ಏನಲ್ಲ. ನಮ್ಮ ನಡಿಗೆಗಳಲ್ಲಿ ಇದಕ್ಕೆ ಅವಕಾಶವಿಲ್ಲ. ಗೂಡಿನ ಜಾಗವನ್ನು ನಿಮ್ಮಂಥ ಸಂಬಂಧಪಟ್ಟವರಿಗೆ ಬಿಟ್ಟು ಬೇರೆ ಯಾರಿಗೂ ಹೇಳುವುದಿಲ್ಲ.

ಇನ್ನು ನಮ್ಮ ಲೆಕ್ಕದ ವಿಷಯ. ಪ್ರತಿ ನಡಿಗೆಯಲ್ಲೂ ಯಾವ ಹಕ್ಕಿ, ಎಷ್ಟು ಅಂತ ಬರೆದು ಇ-ಬರ್ಡ್ ಎಂಬ ಆ್ಯಪ್‌ಗೆ ಹಾಕುತ್ತೇವೆ. ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಒಟ್ಟಿಗೆ ಹಕ್ಕಿ ಎಣಿಸುವ ಕಾರ್ಯಕ್ರಮವಿದೆ. ಭಾರತ ಅದರಲ್ಲಿ 2013ರಿಂದ ಸೇರಿಕೊಂಡಿದೆ. ಹದಿನೈದು ನಿಮಿಷ ನಿಮ್ಮ ಆಫೀಸಿನ ಕಾಂಪೌಂಡಿನಲ್ಲಿ ನಿಂತು ಎಣಿಸಿದರೂ ಅದು ಲೆಕ್ಕಕ್ಕೆ ಬರುತ್ತದೆ. ಹೀಗೆ ಸಾಮಾನ್ಯ ಜನ ಕೂಡಿಸಿದ ಪಟ್ಟಿಗಳ ಆಧಾರದ ಮೇಲೆಯೇ ವಿಜ್ಞಾನಿಗಳು 2023ರಲ್ಲಿ ದೇಶದ 942 ಜಾತಿಯ ಹಕ್ಕಿಗಳ ಸ್ಥಿತಿಗತಿ ಹೇಳುವ ವರದಿ ತಂದರು. ಅದರಲ್ಲಿ 178 ಜಾತಿಗಳಿಗೆ ತುರ್ತಾಗಿ ರಕ್ಷಣೆ ಬೇಕು ಅಂತ ಗುರುತಿಸಿದ್ದಾರೆ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಹಿರಿಯ ಪಕ್ಷಿವೀಕ್ಷಕ ಡಾ. ಜೋಸೆಫ್ ಜಾರ್ಜ್ ಅವರ ಕಾಲದಿಂದ ನಡೆದುಬಂದ ತಿಂಗಳ ಎರಡನೇ ಭಾನುವಾರದ ನಡಿಗೆ ಎಷ್ಟೋ ಜನರನ್ನು ಹಕ್ಕಿ ನೋಡಲು ಹಚ್ಚಿದೆ. ಅಂಥ ನಡಿಗೆಗಳಿಂದಲೇ ಈ ಲೆಕ್ಕ ಬೆಳೆಯುವುದು. ನಿಮ್ಮ ಯಾವುದಾದರೂ ಕೆರೆಯ ಯೋಜನಾ ವರದಿಗೆ ಹಕ್ಕಿಗಳ ಪಟ್ಟಿ ಬೇಕಾದರೆ ಕನ್ಸಲ್ಟೆಂಟ್‌ಗೆ ದುಡ್ಡು ಕೊಡಬೇಕಾಗಿಲ್ಲ. ಯಾವ ತಿಂಗಳು ಯಾವ ಹಕ್ಕಿ ಎಲ್ಲಿ ಗೂಡು ಮಾಡುತ್ತದೆ ಅನ್ನುವ ಸಮೇತ ನಾವು ಕೊಡುತ್ತೇವೆ.

ಒಂದು ಮಾತು ನಮ್ಮ ಕಡೆಯವರು ಸಾಮಾನ್ಯವಾಗಿ ಮರೆಯುತ್ತಾರೆ. ಮೈಸೂರಿನ ನೀರುಹಕ್ಕಿಗಳು ಬದುಕಿರುವುದು ಮನುಷ್ಯರು ಕಟ್ಟಿದ ಕೆರೆಗಳಲ್ಲಿ. ಕುಕ್ಕರಹಳ್ಳಿ ಕೆರೆಯನ್ನು ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ್ದು ಹಕ್ಕಿಗೋಸ್ಕರ ಅಲ್ಲ, ನೀರಿಗೋಸ್ಕರ. ಅದಕ್ಕೆ ಪೂರ್ಣಯ್ಯ ನಾಲೆಯಿಂದ ನೀರು ಹರಿದು ಬರುತ್ತಿತ್ತು. ಯಾರೋ ಏರಿ ಹಾಕಿದರು, ತೂಬು ಇಟ್ಟರು, ನಾಲೆ ತೋಡಿದರು, ಹೆಜ್ಜಾರ್ಲೆ ಬಂದು ಇಳಿಯಿತು. ಹಾಗಾಗಿ ನಮ್ಮ ಸಂಜೆಯ ಮಾತುಕತೆಗಳಲ್ಲಿ ಒಂದನ್ನು ನಿಮಗಾಗಿ ಇಟ್ಟಿದ್ದೇವೆ. ನೀವು ಬಂದು ಮಾತಾಡಿ. ಏರಿ ಹೇಗೆ ನಿಲ್ಲುತ್ತದೆ, ಹೂಳು ಎಷ್ಟು ತೆಗೆಯಬೇಕು ಅಂತ ಹೇಗೆ ಲೆಕ್ಕ ಹಾಕುತ್ತೀರಿ, ಒಳಚರಂಡಿ ನೀರು ಕೆರೆಗೆ ಸೇರುವುದನ್ನು ತಡೆಯಲು ಏನು ಕಷ್ಟ, ದುಡ್ಡು ಯಾಕೆ ಫೆಬ್ರವರಿಗೇ ಬರುತ್ತದೆ, ಇದೆಲ್ಲ ನಮಗೂ ತಿಳಿಯಬೇಕು. ಉಳಿದ ಸಂಜೆಗಳಲ್ಲಿ ಒಂದು ಗೂಡುಗಳ ಬಗ್ಗೆ, ಒಂದು ಕೂಗು ಕೇಳಿ ಹಕ್ಕಿ ಗುರುತಿಸುವುದರ ಬಗ್ಗೆ. ಚಹಾ, ಬಿಸ್ಕತ್ತು ನಮ್ಮದು.

ಬೆಳಗಿನ ಗೇಟಿನ ವಿಷಯವನ್ನೂ ಇಲ್ಲೇ ಸೇರಿಸುತ್ತೇವೆ. ಕೆಲವು ಕೆರೆಗಳ ಗೇಟು ತೆರೆಯುವುದು ಬಿಸಿಲೇರಿದ ಮೇಲೆ. ಬೇಸಿಗೆಯಲ್ಲಿ ಎಂಟೂವರೆಗೆಲ್ಲ ಹಕ್ಕಿಗಳು ನೆರಳು ಹಿಡಿದಿರುತ್ತವೆ, ಮಕ್ಕಳೂ ಸುಸ್ತಾಗಿರುತ್ತಾರೆ. ಮಾರ್ಚ್‌ನಿಂದ ಮೇವರೆಗೆ ಭಾನುವಾರ ಮಾತ್ರ ಆರು ಗಂಟೆಗೆ ಗೇಟು ತೆಗೆಸಿಕೊಡಿ. ಕಾವಲುಗಾರರಿಗೆ ಇದು ಹೆಚ್ಚಿನ ಕೆಲಸ, ಅವರಿಗೆ ಸಿಗಬೇಕಾದ್ದು ಸಿಗುವಂತೆ ನೀವೇ ನೋಡಿಕೊಳ್ಳಬೇಕು.

ಊರಿನವರಿಗೆ ಎರಡು ಮಾತು. ವಾಕಿಂಗ್ ಬರುವಾಗ ನಾಯಿಯನ್ನು ಹಗ್ಗದಲ್ಲಿ ಹಿಡಿದುಕೊಳ್ಳಿ, ಕೆರೆ ಅಂಗಳದಲ್ಲಿ ಬಿಡಬೇಡಿ. ಟಿಟ್ಟಿಭ ನಿಮ್ಮ ತಲೆ ಮೇಲೆ ಹಾರಾಡಿ ಕೂಗಿದರೆ ನೀವು ಮೊಟ್ಟೆಯ ಹತ್ತಿರ ಇದ್ದೀರಿ ಅಂತ ಅರ್ಥ. ಬಂದ ದಾರಿಯಲ್ಲೇ ವಾಪಸ್ ಹೋಗಿ. ಬ್ರೆಡ್ಡು, ಮಿಕ್ಸ್ಚರ್ ನೀರಿಗೆ ಹಾಕುವುದು ಬೇಡ. ಮನೆ ಮುಂದಿನ ಗಿಡದಲ್ಲಿ ಸೂರಕ್ಕಿ ಗೂಡು ನೇತು ಹಾಕಿದ್ದರೆ ಮರಿ ಹಾರುವವರೆಗೆ ಆ ಕೊಂಬೆ ಸವರಬೇಡಿ.

ಅಧಿಕಾರಿಗಳೇ, ನಿಮಗೆ ಭಾನುವಾರ ರಜೆ, ಮನೆಯವರ ಜೊತೆ ಇರುವ ದಿನ, ಅದೂ ಗೊತ್ತು. ಮನೆಯವರನ್ನೂ ಕರೆದುಕೊಂಡು ಬನ್ನಿ. ಭಾನುವಾರ ಆಗದಿದ್ದರೆ ನೀವು ಹೇಳಿದ ದಿನ ನಾವು ಬರುತ್ತೇವೆ. ಕೆಲಸ ಶುರುವಾಗುವ ಜಾಗಕ್ಕೇ ಬರುತ್ತೇವೆ. ಜೆಇ ಬಂದರೂ ಸರಿ, ಕಂಟ್ರಾಕ್ಟರ ಸೂಪರ್‌ವೈಸರ್ ಬಂದರೂ ಸರಿ, ಮೇಸ್ತ್ರಿ ಬಂದರೆ ಇನ್ನೂ ಒಳ್ಳೆಯದು. ಜೆಸಿಬಿ ಓಡಿಸುವ ಹುಡುಗ ಬಂದರೆ ಎಲ್ಲಕ್ಕಿಂತ ಒಳ್ಳೆಯದು, ಯಾಕೆಂದರೆ ಗೂಡು ಎದುರಾಗುವುದು ಅವನಿಗೇ.

ಭಾನುವಾರದ ನಡಿಗೆ ಕುಕ್ಕರಹಳ್ಳಿ ಕೆರೆಯಿಂದ ಶುರು. ಬೆಳಗ್ಗೆ ಆರು ಗಂಟೆಗೆ ಏರಿ ಮೇಲೆ ಇರುತ್ತೇವೆ. ಬೈನಾಕ್ಯುಲರ್ ನಮ್ಮಲ್ಲಿ ಹೆಚ್ಚಿಗೆ ಇವೆ, ನೀವು ತರಬೇಕಾಗಿಲ್ಲ. ಟೋಪಿ, ನೀರಿನ ಬಾಟಲಿ, ಓಡಾಡಲು ಹಗುರವಾದ ಚಪ್ಪಲಿಯೋ ಶೂವೋ ಸಾಕು. ಬಿಳಿ ಅಂಗಿ ಮಾತ್ರ ಬೇಡ, ಹಕ್ಕಿಗಳಿಗೆ ದೂರದಿಂದಲೇ ಕಾಣುತ್ತದೆ. ಎಂಟಕ್ಕೆ ಮುಗಿಸಿ ಹತ್ತಿರದ ಹೋಟೆಲಿನಲ್ಲಿ ಇಡ್ಲಿ ತಿಂದು ಹೊರಡುತ್ತೇವೆ. ಈ ಮಾರ್ಚ್‌ನ ಕೆಲಸಗಳ ಪಟ್ಟಿ ನಿಮ್ಮ ಕೈಗೆ ಬಂದಿದ್ದರೆ ಅದರ ಒಂದು ಜೆರಾಕ್ಸ್ ಜೇಬಿನಲ್ಲಿಟ್ಟುಕೊಂಡು ಬನ್ನಿ.

ಇಂತಿ,
ಮೈಸೂರಿನ ಒಂದು ಹಕ್ಕಿ ಬಳಗದ ಪರವಾಗಿ